ಚಕ್ರವಿರುವ ಗುರುತು

"ಇಲ್ಲೇ," ಎಂದರು ಹಲ್ಲಿನ ಡಾಕ್ಟರು. "ಎಷ್ಟು ಸಲ ಕೇಳಿದ್ರೂ ಇದೇ ಜಾಗ. ಇಲ್ಲೇ ನಾನು ಬ್ರೇಕ್ ಮೇಲೆ ಕಾಲಿಟ್ಟಿದ್ದು."

ಅವರು ತೋರಿಸಿದ ಕಡೆ ಟಾರಿನ ಮೇಲೆ ಎರಡು ಕಪ್ಪು ಗೆರೆಗಳು ಶುರುವಾಗಿದ್ದವು. ತಿರುಗಬೇಕಾದ ಕಡೆ ತಿರುಗದೆ, ಜಲ್ಲಿಯ ಹಾಸನ್ನು ಸೀಳಿಕೊಂಡು, ಕಾಂಕ್ರೀಟ್ ಗೋಡೆಯವರೆಗೂ ನೆಟ್ಟಗೆ ಹೋಗಿದ್ದವು. ಗೋಡೆಯ ಒಂದು ಕಡೆ ಬಣ್ಣ ಹಕ್ಕಳೆ ಎದ್ದು ಬಂದಿತ್ತು. ರೇಸ್ ಕಾರು ಓಡಿಸುವುದನ್ನು ಕಲಿಸುತ್ತಾ ಪಕ್ಕದ ಸೀಟಿನಲ್ಲಿ ಕೂತಿದ್ದ ಮೇಷ್ಟ್ರು ಸತ್ತಿದ್ದು ಅಲ್ಲಿ.

ದೊಡ್ಡಮ್ಮ ಗೆರೆಯ ತುದಿಗೆ ಕೊಡೆಯ ಮೊನೆ ಊರಿ ನಿಂತರು. ಮಳೆ ಬಂದಿರಲಿಲ್ಲ, ಬರುವ ಹಾಗೂ ಇರಲಿಲ್ಲ. ಆಕಾಶ ಮಾತ್ರ ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡೇ ಇತ್ತು. ಖಾಲಿ ರೇಸ್ ಟ್ರ್ಯಾಕ್ ಎಂದರೆ ಮದುವೆ ಮುಗಿದ ಮರುದಿನದ ಛತ್ರ ಇದ್ದಂತೆ. ಅಷ್ಟು ದೊಡ್ಡ ಜಾಗ, ಅಷ್ಟು ಸಪ್ಪೆ.

ದೊಡ್ಡಮ್ಮ ಎಂಬುದು ಠಾಣೆಯಲ್ಲಿ ಬಿದ್ದ ಹೆಸರು. ಪೇದೆಗಳೂ ಹಾಗೇ ಕರೆದರು, ಸಿಕ್ಕಿಬಿದ್ದ ಕಳ್ಳರೂ ಹಾಗೇ ಕರೆದರು. ನಿವೃತ್ತಿಯಾದ ಮೇಲೆ ಸಬ್ ಇನ್ಸ್‌ಪೆಕ್ಟರ್ ಪದವಿ ಹೋಯಿತು, ಮೂಗು ತೂರಿಸುವ ಚಟ ಉಳಿಯಿತು. ಆದರೆ ಜಗತ್ತಿನಲ್ಲಿ ಅವರನ್ನು ಹಕ್ಕಿನಿಂದ ದೊಡ್ಡಮ್ಮ ಎನ್ನಬಹುದಾದವಳು ಒಬ್ಬಳೇ ಇದ್ದಳು. ತೀರಿಹೋದ ತಂಗಿಯ ಮಗಳು ಗುಬ್ಬಿ. ಸತ್ತ ಮೇಷ್ಟ್ರು ಗುಬ್ಬಿಯ ಅಪ್ಪ.

"ಅಪ್ಪ ಸುಮ್ಮನೆ ಸಾಯೋರಲ್ಲ, ದೊಡ್ಡಮ್ಮ. ಏನಾಯ್ತು ಅಂತ ನೀವೇ ಕಂಡುಹಿಡೀಬೇಕು," ಎಂದು ಅವಳು ಸೆರಗು ಹಿಡಿದು ಅತ್ತಿದ್ದಕ್ಕೇ ಈ ಮುದುಕಿ ಇಲ್ಲಿಗೆ ಬಂದಿದ್ದು. ಇಲ್ಲದಿದ್ದರೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳಸುವ ಹೆಂಗಸಿಗೆ ಇಂಥ ಜಾಗದಲ್ಲಿ ಏನು ಕೆಲಸ.

"ಗಾಬರಿಯಾಗಿ ತಡವಾಗಿ ಬ್ರೇಕ್ ಹಾಕಿದೆ ಅಂತ ನಾಳೆ ಪೊಲೀಸರ ಮುಂದೆ ಸಹಿ ಹಾಕ್ತೀರಂತೆ," ಎಂದರು ದೊಡ್ಡಮ್ಮ.

"ಹಾಕ್ತೀನಿ."

"ಜೈಲಾಗುತ್ತೆ."

"ಆಗ್ಲಿ."

ಡಾಕ್ಟರ ಬಲಗೈ ಇನ್ನೂ ಪಟ್ಟಿಯಲ್ಲಿ ತೂಗಾಡುತ್ತಿತ್ತು. ಮೂಳೆ ಕೂಡಿದರೂ ಆ ಕೈ ಇನ್ನು ಹಲ್ಲು ಕೀಳುವಷ್ಟು ಸ್ಥಿರವಾಗುತ್ತದೋ ಇಲ್ಲವೋ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಅದನ್ನು ಅವರು ಬೇರೆ ಯಾರದೋ ಕೈಯ ಸುದ್ದಿ ಎಂಬಂತೆ ಹೇಳಿಕೊಂಡಿದ್ದರು. ಬದುಕುಳಿದದ್ದಕ್ಕೆ ನಾಚಿಕೊಳ್ಳುವವರನ್ನು ದೊಡ್ಡಮ್ಮ ಮೊದಲೂ ನೋಡಿದ್ದರು. ಇವರ ನಾಚಿಕೆಯಲ್ಲಿ ಬೇರೆ ಏನೋ ಬೆರೆತಿತ್ತು.

ಬೆಳಿಗ್ಗೆ, ಟ್ರ್ಯಾಕಿನ ಮೇಲೆ ಕಣ್ಣಿಡುವ ಟವರಿನ ಕೋಣೆಯಲ್ಲಿ, ಅಪ್ಪನ ಕೈಕೆಳಗೆ ಇಲ್ಲೇ ಕೆಲಸ ಮಾಡುತ್ತಿದ್ದ ಗುಬ್ಬಿ ಆ ದಿನದ ಧ್ವನಿಮುದ್ರಣ ಹಾಕಿ ಕೇಳಿಸಿದ್ದಳು. ಕಾರಿನಲ್ಲಿ ಮೇಷ್ಟ್ರಿಗೂ ಶಿಷ್ಯನಿಗೂ ಹೆಲ್ಮೆಟ್ ಒಳಗೇ ಮೈಕು. ಆಡಿದ್ದೆಲ್ಲ ದಾಖಲಾಗುತ್ತದೆ. ಅದನ್ನು ಕೇಳುವ ಮೊದಲು ಮೇಷ್ಟ್ರ ಪಾಠದ ಪದ್ಧತಿಯನ್ನೂ ಅವಳೇ ಬಿಡಿಸಿ ಹೇಳಿದ್ದಳು.

ಹೊಸಬರಿಗೆ ವೇಗ ಕಂಡರೆ ಕಣ್ಣು ಕಟ್ಟಿದಂತಾಗುತ್ತದೆ. ಕಾರಿನ ಮೂತಿಯ ಮುಂದಿನ ಟಾರನ್ನೇ ನೋಡುತ್ತಾರೆ. ಅದಕ್ಕೇ ಮೇಷ್ಟ್ರು ತಿರುವು ತಿರುವಿಗೂ ಬಣ್ಣದ ಪ್ಲಾಸ್ಟಿಕ್ ಕೋನ್ ಇಡುತ್ತಿದ್ದರು. ಕೆಂಪು ಕೋನ್ ಬಂದರೆ ಬ್ರೇಕ್. ನೀಲಿ ಬಂದರೆ ಸ್ಟೀರಿಂಗ್ ತಿರುಗಿಸು. ತಿರುವಿನ ಒಳಅಂಚಿನಲ್ಲಿ ಹಸಿರು, ಅದನ್ನು ಸವರಿಕೊಂಡು ಹೋಗು. ಒಂದು ಕೋನ್ ಕಂಡ ಕೂಡಲೇ ಕಣ್ಣು ಮುಂದಿನದಕ್ಕೆ ಹಾರಬೇಕು. ಬರೀ ನೋಡಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಬಾಯಲ್ಲಿ ಬಂದದ್ದು ಮಾತ್ರ ತಲೆಯಲ್ಲಿದೆ ಎಂದು ಮೇಷ್ಟ್ರ ನಂಬಿಕೆ.

ಊಟವಾದ ಮೇಲೆ ಕೋನ್‌ಗಳನ್ನೆಲ್ಲ ಎತ್ತಿಸಿಬಿಡುತ್ತಿದ್ದರು. ಇನ್ನು ಪ್ರತಿಯೊಬ್ಬರೂ ತಮ್ಮ ಗುರುತನ್ನು ತಾವೇ ಹುಡುಕಿಕೊಳ್ಳಬೇಕು. ಟಾರಿನ ಬಿರುಕೋ, ಗೋಡೆಯ ಕಲೆಯೋ, ನೆಟ್ಟ ಕಂಬವೋ, ಏನಾದರೂ ಸರಿ. ಎರಡು ಮಾತ್ರ ಕೂಡದು. ನೆರಳು ಕೂಡದು, ಚಕ್ರವಿರುವುದು ಕೂಡದು. ಬೆಳಿಗ್ಗೆ ಇದ್ದ ನೆರಳು ಸಂಜೆ ಇರುವುದಿಲ್ಲ. ಚಕ್ರವಿರುವುದನ್ನು ಯಾರಾದರೂ ಉರುಳಿಸಿಕೊಂಡು ಹೋಗಬಹುದು.

ಚಹಾ ಕುಡಿದು ಬಂದ ಮೇಲೆ ಮೌನದ ಸುತ್ತು. ಆಗ ಮೇಷ್ಟ್ರು ಪಕ್ಕದಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಶಿಷ್ಯನದೇ ಕಣ್ಣು, ಶಿಷ್ಯನದೇ ಮಾತು.

ಧ್ವನಿಮುದ್ರಣದಲ್ಲಿ ಇಂಜಿನ್ನಿನ ಸದ್ದು ಏರುತ್ತಾ ಹೋಗುತ್ತದೆ. ಉದ್ದನೆಯ ನೇರ ಹಾದಿ. ಆಮೇಲೆ ಡಾಕ್ಟರ ದನಿ, ಕ್ಲಿನಿಕ್ಕಿನಲ್ಲಿ "ಬಾಯಿ ಅಗಲಿಸಿ" ಎನ್ನುವಷ್ಟು ನಿರಾಳವಾಗಿ, "ಗುರುತು ಬಂತು, ಬ್ರೇಕ್" ಎನ್ನುತ್ತದೆ. ಅದಕ್ಕೆ ಕೂದಲೆಳೆಯಷ್ಟು ಮುಂಚೆ ಮೇಷ್ಟ್ರ ಗಂಟಲಿನಿಂದ ಅರ್ಧ ಮಾತು ಹೊರಟಿರುತ್ತದೆ. ಆಮೇಲೆ ಕೇಳಿಸುವುದನ್ನು ಗುಬ್ಬಿ ಕೇಳಿಸಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದ್ದಳು.

"ನಾನು ಗಾಬರಿಯಾದವರ ದನಿ ಕೇಳ್ತಾನೇ ತಲೆ ಹಣ್ಣು ಮಾಡ್ಕೊಂಡವಳು," ಎಂದರು ದೊಡ್ಡಮ್ಮ ಈಗ ಡಾಕ್ಟರಿಗೆ. "ನಿಮ್ಮದು ಗಾಬರಿ ದನಿ ಅಲ್ಲ. ಗುರುತು ಬಂತು ಅಂದ್ರಲ್ಲ, ಯಾವ ಗುರುತು?"

ಡಾಕ್ಟರು ಗೋಡೆ ನೋಡಿದರು, ಟಾರು ನೋಡಿದರು, ಆಕಾಶ ನೋಡಿದರು. ಟ್ರ್ಯಾಕಿನ ಪಕ್ಕದ ಬೇಲಿಯ ಕಡೆ ಮಾತ್ರ ನೋಡಲಿಲ್ಲ. ಎಲ್ಲಾ ಕಡೆ ಕಣ್ಣಾಡಿಸಿ ಒಂದೇ ಕಡೆ ಮಾತ್ರ ಕಣ್ಣು ಹಾಯಿಸದ ಮನುಷ್ಯ ಅಲ್ಲೇ ಏನನ್ನೋ ಬಚ್ಚಿಟ್ಟಿರುತ್ತಾನೆ. ಇದು ದೊಡ್ಡಮ್ಮನಿಗೆ ಠಾಣೆ ಕಲಿಸಿದ ಪಾಠ.

"ನೆನಪಿಲ್ಲ," ಎಂದರು ಡಾಕ್ಟರು.

ಅವರನ್ನು ಪಾಠದ ಕೋಣೆಯಲ್ಲಿ ಕೂತಿರಲು ಹೇಳಿ ಕಳಿಸಿ, ದೊಡ್ಡಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಬೇಲಿಯ ಸಂದಿಯಲ್ಲಿ ಆಚೆ ನುಗ್ಗಿದರು. ಈ ವಯಸ್ಸಿಗೆ ಅದೊಂದು ಸಾಹಸವೇ. ಬೇಲಿಯ ತಂತಿ ಸೆರಗನ್ನು ಹಿಡಿದುಕೊಂಡಿತು. ಅದಕ್ಕೂ ನಾಲ್ಕು ಮಾತು ಬೈದು ಬಿಡಿಸಿಕೊಂಡರು.

ಬೇಲಿಯಾಚೆ ಕೆಂಪು ಮಣ್ಣಿನ ದಾರಿ. ಹಿಂದೆ ನೋಡಿದರೆ ದೂರದಲ್ಲಿ, ಬೇಲಿಗೆ ಒತ್ತಿಕೊಂಡ ಹಾಗೆ, ಹಳದಿ ಬಣ್ಣದ ನೀರಿನ ಟ್ಯಾಂಕರ್ ನಿಂತಿತ್ತು. ಟ್ರ್ಯಾಕಿನ ಧೂಳಿಗೆ ನೀರು ಹೊಡೆಯಲು, ಬೆಂಕಿ ಬಿದ್ದರೆ ಆರಿಸಲು ಇಟ್ಟುಕೊಂಡದ್ದು. ಅದರ ಎದುರಿಗೇ ಟ್ರ್ಯಾಕಿನ ಅಂಚಿನಲ್ಲಿ ಒಂದು ಸಣಕಲು ಬಿಳಿ ಕಂಬ. ಬರುವಾಗ ಅದರ ಬುಡದಲ್ಲಿ ಟಾರಿಗೆ ಹತ್ತಿದ ಕೆಂಪು ಬಣ್ಣ ನೋಡಿದ್ದರು, ಬೆಳಗಿನ ಪಾಠದಲ್ಲಿ ಕೆಂಪು ಕೋನ್ ಇಡುತ್ತಿದ್ದುದು ಅಲ್ಲೇ ಇರಬೇಕು.

ಟ್ಯಾಂಕರಿನ ನಲ್ಲಿ ಸೋರುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಎಷ್ಟು ದಿನದಿಂದ ಸೋರುತ್ತಿತ್ತೋ, ಅದರ ಕೆಳಗೆ ಗುಳಿ ಬಿದ್ದು, ಗುಳಿಯ ಸುತ್ತ ಹುಲ್ಲು ಹುಲುಸಾಗಿ ಬೆಳೆದಿತ್ತು. ಒಣಗಿದ ಜಾಗದಲ್ಲಿ ಅಷ್ಟು ಹಸಿರು ನೋಡಿ ದೊಡ್ಡಮ್ಮನಿಗೆ ಇಷ್ಟವಾಗಬೇಕಿತ್ತು. ಆದರೆ ಅವರ ಕಣ್ಣು ಆಗಲೇ ತಮ್ಮ ಕಾಲ ಬುಡದಲ್ಲಿತ್ತು.

ಕಾಲ ಬುಡದಲ್ಲೂ ಒಂದು ಗುಳಿ ಇತ್ತು. ಚಿಕ್ಕದು, ಹುಲ್ಲಿಲ್ಲದ್ದು. ನೀರು ಬಿದ್ದು ಎದ್ದ ಮಣ್ಣು ಒಣಗಿ, ಅಂಚು ಸುರುಳಿಯಾಗಿ, ಹಾಲಿನ ಕೆನೆಯ ಹಾಗೆ ಬಿರಿದಿತ್ತು. ಅದರ ಎರಡೂ ಕಡೆ ಭಾರಿ ಚಕ್ರದ ಅಚ್ಚು. ತಲೆಯೆತ್ತಿದರೆ ನೇರ ಎದುರಿಗೆ, ಬೇಲಿಯಾಚೆಯ ಟಾರಿನ ಮೇಲೆ, ಆ ಎರಡು ಕಪ್ಪು ಗೆರೆಗಳ ತಲೆ.

ಸೋರುವ ಆ ಟ್ಯಾಂಕರ್ ಒಮ್ಮೆ ಇಲ್ಲೂ ನಿಂತಿತ್ತು. ಸುಳಿವು ಸಿಕ್ಕಾಗ ಬೇರೆಯವರಿಗೆ ಖುಷಿಯಾಗುತ್ತದಂತೆ. ಇವರಿಗೆ ಯಾವಾಗಲೂ ಬೇಸರವೇ. ಇವತ್ತೂ ಅಷ್ಟೇ.

ಅವರು ನಡೆದು ಹೋದಾಗ ಟ್ಯಾಂಕರ್ ಡ್ರೈವರ್ ಗಾಡಿಯ ಮರೆಯಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದ. ಬಾಯಿ ಬಿಡಿಸಲು ಹೆಚ್ಚು ಕಷ್ಟವಾಗಲಿಲ್ಲ. ಆ ದಿನ ಚಹಾ ಬಿಡುವಿನಲ್ಲಿ ವಾಕಿಟಾಕಿಯಲ್ಲಿ ಟವರಿನವರು ಕರೆದು, ತಿರುವಿನ ಹತ್ತಿರ ಧೂಳು ಏಳುತ್ತಿದೆ, ಗಾಡಿ ಮುಂದಕ್ಕೆ ತಂದು ನಿಲ್ಲಿಸು ಎಂದರಂತೆ. ಇವನು ತಂದು ನಿಲ್ಲಿಸಿದ. ನೀರು ಹೊಡೆಯಲು ಹೇಳಿಯಾರೆಂದು ಕಾದ. ಹೇಳಲಿಲ್ಲ. ಅಷ್ಟರಲ್ಲಿ ಕಾರು ಗೋಡೆಗೆ ಹೋಯಿತು. ಮೊದಲು ಓಡಿದ್ದೇ ಇವನ ಟ್ಯಾಂಕರ್. ಬೆಂಕಿ ಏಳದ ಹಾಗೆ ನೀರು ಸುರಿದು, ಎಲ್ಲಾ ಮುಗಿದ ಮೇಲೆ ರೂಢಿಯ ಪ್ರಕಾರ ಹಳೇ ಜಾಗಕ್ಕೇ ತಂದು ಬಿಟ್ಟ. ಪೊಲೀಸರು ಬಂದಾಗ ಟ್ಯಾಂಕರ್ ಇರಬೇಕಾದಲ್ಲೇ ಇತ್ತು. ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಕರೆದ ದನಿ ಯಾರದು ಎಂದು ದೊಡ್ಡಮ್ಮ ಕೇಳಿದರು. ಆ ಡಬ್ಬಿಯಲ್ಲಿ ಎಲ್ಲರ ದನಿಯೂ ನೆಗಡಿಯಾದ ಹಾಗೇ ಕೇಳುತ್ತದೆ, ಟವರ್ ಎಂದರೆ ಟವರ್, ಅಷ್ಟೇ ಎಂದ. ಹೊತ್ತಾಯಿತೆಂದು ಎದ್ದು, ಟ್ಯಾಂಕರಿನ ಕೀಲಿಯನ್ನು ಟವರಿನ ಕೆಳಗಿನ ಮೊಳೆಗೆ ಹಾಕಿ ಮನೆಗೆ ಹೋಗುತ್ತೇನೆಂದು ಹೊರಟ.

ಟವರಿನಲ್ಲಿ ಆ ಹೊತ್ತು ಇದ್ದವರು ಟ್ರ್ಯಾಕಿನ ಮಾಲೀಕರೊಬ್ಬರೇ ಎಂದು ಗುಬ್ಬಿ ಹೇಳಿದ್ದಳು. ಅವಳು ಆಗ, ಊಟದ ಮೇಲೆ ಎತ್ತಿಸಿದ್ದ ಕೋನ್‌ಗಳನ್ನು ಉಗ್ರಾಣದಲ್ಲಿ ಜೋಡಿಸುತ್ತಿದ್ದಳಂತೆ. ಮಾಲೀಕರು ತಾನು ಆಗ ಗೇಟಿನ ಬಳಿ ಯಾರನ್ನೋ ಬೀಳ್ಕೊಡುತ್ತಿದ್ದೆ ಎಂದಿದ್ದರು. ಯಾರನ್ನು ಎಂದರೆ ಸರಿಯಾಗಿ ಹೇಳಲಿಲ್ಲ. ಪಾಠ ಬೇಗ ಮುಗಿಸಿ ಹೆಚ್ಚು ಜನರನ್ನು ಕೂರಿಸಬೇಕೆಂದು ಅವರಿಗೂ ಮೇಷ್ಟ್ರಿಗೂ ತಿಂಗಳಿಂದ ಹಾವು ಮುಂಗುಸಿ. ದೊಡ್ಡಮ್ಮನಿಗೆ ಆ ಮನುಷ್ಯನ ನಯವಾದ ಮಾತು ಮೊದಲ ದಿನವೇ ಹಿಡಿಸಿರಲಿಲ್ಲ. ಅಪರಾಧಿ ಅವರೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಒಳಗೊಳಗೇ ಆಸೆಪಟ್ಟದ್ದು ಸುಳ್ಳಲ್ಲ.

ಆದರೆ ಟ್ಯಾಂಕರನ್ನು ಸರಿಸಿದ್ದೇ ಕೊಲೆಯಾಗುವುದಿಲ್ಲ. ಅದನ್ನು ಗುರುತು ಮಾಡಿಕೊಂಡವನೊಬ್ಬ ಇದ್ದಾನೆ ಎಂದು ಗೊತ್ತಿದ್ದು ಸರಿಸಿದರೆ ಮಾತ್ರ ಕೊಲೆ.

ಪಾಠದ ಕೋಣೆಯಲ್ಲಿ ಡಾಕ್ಟರು ಕೊನೆಯ ಬೆಂಚಿನಲ್ಲಿ ಕೂತಿದ್ದರು, ಫೇಲಾದ ಹುಡುಗನ ಹಾಗೆ. ಮೇಷ್ಟ್ರ ಮೇಜಿನ ಮೇಲೆ ಟ್ರ್ಯಾಕಿನ ಮರದ ಮಾದರಿ, ಅದರ ಮೇಲೆ ಬಣ್ಣದ ಕಾಗದ ಸುತ್ತಿ ಮಾಡಿದ ಪುಟ್ಟ ಕೋನ್‌ಗಳು, ಒಂದು ಆಟಿಕೆ ಕಾರು. ಹಿಂದಿನ ಹಲಗೆಯ ಮೇಲೆ ಮೇಷ್ಟ್ರ ಕೈಬರಹ ಹಾಗೇ ಇತ್ತು, ಯಾರಿಗೂ ಒರೆಸುವ ಮನಸ್ಸಾಗಿರಲಿಲ್ಲ. "ಮುಂದಿನ ಗುರುತು ನೋಡು."

ದೊಡ್ಡಮ್ಮ ತಮ್ಮ ಚೀಲದಿಂದ ಹಳದಿ ಬೆಂಕಿಪೊಟ್ಟಣವೊಂದನ್ನು ತೆಗೆದು, ಮಾದರಿಯ ಪಕ್ಕ, ಕೆಂಪು ಕೋನಿನ ನೇರಕ್ಕೆ ಇಟ್ಟರು. ಆಮೇಲೆ ಒಂದೇ ಬೆರಳಿನಲ್ಲಿ ಅದನ್ನು ತಿರುವಿನ ಕಡೆಗೆ ಮೆಲ್ಲಗೆ ತಳ್ಳಿದರು.

ಡಾಕ್ಟರು ಅದನ್ನೇ ನೋಡಿದರು. ಬೆಂಚಿನಿಂದ ಅರ್ಧ ಎದ್ದರು.

"ಅದು ಸರಿದಿತ್ತಾ?" ಎಂದರು.

"ನಿಮಗೆ ಗೊತ್ತಿರಲಿಲ್ವಾ?"

"ಇಲ್ಲ. ದೇವರಾಣೆ ಇಲ್ಲ. ನನ್ನ ಕಣ್ಣೇ ಕೈಕೊಡ್ತು ಅಂದ್ಕೊಂಡಿದ್ದೆ."

ಆಮೇಲೆ ಎಲ್ಲಾ ಹೊರಬಂತು. ಕೋನ್ ಎತ್ತಿದ ಮೇಲೆ ಮೇಷ್ಟ್ರು ಕಾರಿನ ಹೊರಗೆ, ಹೆಲ್ಮೆಟ್ ಹಾಕುವ ಮೊದಲು, ಇವರ ಗುರುತು ಯಾವುದೆಂದು ಕೇಳಿದ್ದರು. ಇವರು ಬಿಳಿ ಕಂಬ ಎಂದಿದ್ದರು. ಮೇಷ್ಟ್ರು ಸಂತೋಷದಿಂದ ಬೆನ್ನು ತಟ್ಟಿದ್ದರು. ಆದರೆ ಆ ವೇಗದಲ್ಲಿ ಆ ಸಣಕಲು ಕಂಬ ಇವರ ಕಣ್ಣಿಗೆ ಎಲ್ಲಿ ಬೀಳಬೇಕು. ಕಣ್ಣಿಗೆ ರಾಚುತ್ತಿದ್ದುದು ಕಂಬದ ಎದುರಿನ ಹಳದಿ ಟ್ಯಾಂಕರ್. ಕಂಬ ಎಂದು ಹೇಳಿ ಟ್ಯಾಂಕರ್ ನೋಡಿಯೇ ಬ್ರೇಕ್ ಹಾಕಿದರು. ಎರಡೂ ಒಂದೇ ಕಡೆ ಇದ್ದುದರಿಂದ ಮೊದಲ ಸುತ್ತುಗಳು ಹೂವೆತ್ತಿದ ಹಾಗೆ ಬಂದವು. ಮೇಷ್ಟ್ರು ಭೇಷ್ ಎಂದರು.

"ಚಕ್ರ ಇರೋದನ್ನ ಗುರುತು ಮಾಡ್ಕೋಬೇಡಿ ಅಂತ ಬೆಳಿಗ್ಗೆಯಿಂದ ಬಡ್ಕೊಂಡಿದ್ರು ಅವರು," ಎಂದರು ಡಾಕ್ಟರು. "ನಾನು ಅವರಿಗೆ ಸುಳ್ಳು ಹೇಳಿದೆ. ಈ ವಯಸ್ಸಲ್ಲಿ ದಡ್ಡ ಅನ್ನಿಸ್ಕೊಳ್ಳೋಕೆ ನಾಚಿಕೆಯಾಗಿ ಸುಳ್ಳು ಹೇಳಿದೆ. ನನ್ನ ಬಾಯಿ ಮೇಲೆ ನಂಬಿಕೆ ಇಟ್ಟೇ ಅವರು ಸುಮ್ಮನೆ ಕೂತಿದ್ದು."

ಅವರು ಎಡಗೈಯಲ್ಲಿ ಮುಖ ಮುಚ್ಚಿಕೊಂಡರು. ಗಂಡಸರು ಅಳುವಾಗ ಎತ್ತ ನೋಡಬೇಕೆಂದು ದೊಡ್ಡಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ಹಲಗೆಯ ಕಡೆ ನೋಡಿದರು. ಮನಸ್ಸು ಮರುಗಿತು. ಆ ಸುಳ್ಳು ಎಷ್ಟು ಚಿಕ್ಕದು, ಪ್ರತಿಯೊಂದು ತರಗತಿಯಲ್ಲೂ ಒಬ್ಬನಾದರೂ ಹೇಳುವಂಥದ್ದು. ಈ ಮನುಷ್ಯ ಅದಕ್ಕಾಗಿ ನಾಳೆ ಜೈಲಿಗೆ ಹೋಗಲು ಬಟ್ಟೆ ಮಡಿಸಿಟ್ಟುಕೊಂಡಿದ್ದಾನೆ.

ಹೊರಗೆ ಎಲ್ಲೋ ಭಾರಿ ಗಾಡಿಯೊಂದು ಗುರುಗುಟ್ಟಿ, ಸ್ವಲ್ಪ ಹೊತ್ತು ಓಡಿ, ನಿಂತಿತು. ದೊಡ್ಡಮ್ಮ ಅದಕ್ಕೆ ಗಮನ ಕೊಡಲಿಲ್ಲ. ಅವರಿಗೆ ಉಳಿದಿದ್ದುದು ಒಂದೇ ಪ್ರಶ್ನೆ. ಅದನ್ನು ಕೇಳುವ ಮೊದಲು ನೀರಿನ ಲೋಟವನ್ನು ಡಾಕ್ಟರ ಮುಂದಕ್ಕೆ ಸರಿಸಿದರು.

"ಟ್ಯಾಂಕರೇ ನಿಮ್ಮ ಗುರುತು ಅಂತ ಯಾರಿಗಾದ್ರೂ ಹೇಳಿದ್ರಾ? ಮಾಲೀಕರಿಗೆ?"

"ಇಲ್ಲ."

"ಜೊತೆಗೆ ಕಲಿಯೋಕೆ ಬಂದವರಿಗೆ?"

"ಇಲ್ಲ. ಒಬ್ಬರಿಗೆ ಹೇಳಿದೆ. ಚಹಾ ಕುಡಿಯುವಾಗ. ಮೇಷ್ಟ್ರಿಗೆ ಟೋಪಿ ಹಾಕಿಬಿಟ್ಟೆ ಅಂತ ತಮಾಷೆಗೆ. ಹೇಳಿದ ಮೇಲೆ ಹೆದರಿಕೆಯಾಯ್ತು, ನಿಮ್ಮಪ್ಪನಿಗೆ ಹೇಳ್ಬೇಡಮ್ಮ ಅಂದೆ."

ಮೇಷ್ಟ್ರನ್ನು ಅಪ್ಪ ಎನ್ನುವವಳು ಒಬ್ಬಳೇ.

"ಅವಳು ಏನಂದಳು?" ಎಂದು ಕೇಳಿದ ದನಿ ಅವರಿಗೇ ಅಪರಿಚಿತವಾಗಿತ್ತು.

"ನಕ್ಕಳು. ಹೇಳಲ್ಲ ಅಂಕಲ್, ಅಪ್ಪನಿಗೂ ಯಾರಾದ್ರೂ ಒಬ್ಬರು ಪಾಠ ಕಲಿಸ್ಬೇಕು ಅಂದಳು."

ದೊಡ್ಡಮ್ಮ ಬೆಂಕಿಪೊಟ್ಟಣವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ನಾಳೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ನಾನು ಹೇಳುವ ತನಕ ಯಾರ ಹತ್ತಿರವೂ ತುಟಿ ಬಿಚ್ಚಬೇಡಿ ಎಂದು ಹೇಳಿ ಡಾಕ್ಟರನ್ನು ಕಳಿಸಿದರು. ಅವರು ಹೋದ ಮೇಲೆ ಮಾದರಿಯ ಮೇಲಿದ್ದ ಆಟಿಕೆ ಕಾರನ್ನು ಎತ್ತಿ ಪಕ್ಕಕ್ಕಿಟ್ಟರು.

ಗುಬ್ಬಿಯೇ ಎಂದಾದರೆ ತನ್ನನ್ನು ಯಾಕೆ ಕರೆದಳು? ಅಷ್ಟು ಅತ್ತು, ಕೈ ಹಿಡಿದು, ಕಂಡುಹಿಡಿಯಿರಿ ಎಂದು ಯಾಕೆ ಬೇಡಿಕೊಂಡಳು? ಮಾಲೀಕರ ಕಡೆ ಬೆರಳು ತಿರುಗಿಸಲೇ? ಚಿಕ್ಕಂದಿನಲ್ಲಿ ರಜಕ್ಕೆ ಬಂದಾಗ ಹಾಸಿಗೆಯಲ್ಲಿ ತನ್ನ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದ ಮಗು ಅದು. ಹೆತ್ತಿಲ್ಲ ಎಂಬುದೊಂದನ್ನು ಬಿಟ್ಟರೆ ತನ್ನದೇ ಮಗು. ಡಾಕ್ಟರನ್ನು ಉಳಿಸಬೇಕಾದರೆ ಅವಳನ್ನು ಒಪ್ಪಿಸಬೇಕು. ಅವಳನ್ನು ಉಳಿಸಬೇಕಾದರೆ ಬೆಂಕಿಪೊಟ್ಟಣದ ಹಾಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಬೇಕು. ಹೀಗೆ ಯೋಚಿಸಿದ್ದಕ್ಕೆ ದೊಡ್ಡಮ್ಮನಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಟವರಿನ ಮೆಟ್ಟಿಲ ಕೆಳಗೆ ಒಂದು ತಳ್ಳುಗಾಡಿ ನಿಂತಿತ್ತು. ಬೆಳಿಗ್ಗೆ ಬರುವಾಗಲೂ ನಿಂತಿತ್ತು, ದೊಡ್ಡಮ್ಮ ನೋಡಿಯೂ ನೋಡಿರಲಿಲ್ಲ. ಅದರ ತುಂಬ ಕೆಂಪು, ನೀಲಿ, ಹಸಿರು ಕೋನ್‌ಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ಗಾಡಿಗೆ ಸುತ್ತಿದ್ದ ಪೊಲೀಸರ ಪಟ್ಟಿಯನ್ನು ಆ ದಿನದಿಂದ ಯಾರೂ ಬಿಚ್ಚಿರಲಿಲ್ಲ. ಉಗ್ರಾಣಕ್ಕೆ ಅವು ಹೋಗಿಯೇ ಇರಲಿಲ್ಲ. ಗುಬ್ಬಿ ಉಗ್ರಾಣದಲ್ಲಿ ಜೋಡಿಸುತ್ತಿದ್ದೆ ಎಂದಿದ್ದ ಕೋನ್‌ಗಳು ಇವೇ. ಡ್ರೈವರ್ ಕೀಲಿ ಹಾಕಿ ಹೋಗಬೇಕಿದ್ದ, ಮೆಟ್ಟಿಲ ಪಕ್ಕದ ಮೊಳೆ ಖಾಲಿಯಿತ್ತು.

"ದೊಡ್ಡಮ್ಮ," ಎಂದು ಕೂಗು ಬಂತು.

ಗುಬ್ಬಿ ಅಪ್ಪನ ಹಳೆಯ ಕಾರನ್ನು ತಂದು ನಿಲ್ಲಿಸಿದ್ದಳು. ಇಳಿದು ಬಂದು ಪಕ್ಕದ ಬಾಗಿಲು ತೆರೆದು ಹಿಡಿದಳು. ಅತ್ತು ಅತ್ತು ಊದಿದ ಕಣ್ಣು, ಬಾಚದ ತಲೆ. ದೊಡ್ಡಮ್ಮ ಕೂತ ಮೇಲೆ ಬೆಲ್ಟನ್ನು ಅವಳೇ ಎಳೆದು ಸಿಕ್ಕಿಸಿ, ಎಲ್ಲೂ ಒತ್ತುತ್ತಿಲ್ಲವಷ್ಟೇ ಎಂದು ಬೆರಳು ತೂರಿಸಿ ನೋಡಿದಳು. ದೊಡ್ಡಮ್ಮ ಅವಳ ತಲೆಯನ್ನು ಒಮ್ಮೆ ಸವರಿದರು.

"ಡಾಕ್ಟರು ಏನಾದ್ರೂ ಹೇಳಿದ್ರಾ?"

"ಏನೂ ಹೇಳ್ಲಿಲ್ಲ. ಬಾಯೇ ಬಿಡಲ್ಲ ಆ ಮನುಷ್ಯ," ಎಂದರು ದೊಡ್ಡಮ್ಮ. ಇಷ್ಟು ವರ್ಷ ಬೇರೆಯವರ ಸುಳ್ಳನ್ನು ತೂಗಿದವರಿಗೆ ತಮ್ಮ ಸುಳ್ಳಿನ ತೂಕ ಕೂಡಲೇ ಗೊತ್ತಾಯಿತು. ಬಹಳ ಹಗುರವಾಗಿತ್ತು.

ಗುಬ್ಬಿ ತಲೆಯಾಡಿಸಿ ಗಾಡಿ ಹೊರಡಿಸಿದಳು. ಗೇಟಿನ ಕಡೆ ತಿರುಗಲಿಲ್ಲ. ಬೇಲಿಯ ತೆರವಿನಲ್ಲಿ ನುಗ್ಗಿ ನೇರ ಟ್ರ್ಯಾಕಿಗೆ ಇಳಿದಳು.

"ಇದೆಲ್ಲಿಗಮ್ಮ?"

"ಒಂದೇ ಸುತ್ತು. ಅಪ್ಪ ಕೊನೆಗೆ ನೋಡಿದ್ದನ್ನ ನೀವೂ ನೋಡ್ಬೇಡ್ವಾ? ಹೀಗೇ ಪಕ್ಕದ ಸೀಟಲ್ಲಿ ಕೂತು ಕಲಿಸ್ತಿದ್ರು ಎಲ್ಲರಿಗೂ. ಊರಿಗೆಲ್ಲ ಕಲಿಸಿದ್ರು. ನನಗೆ ಮಾತ್ರ ಒಂದು ದಿನವೂ ಸ್ಟೀರಿಂಗ್ ಮುಟ್ಟೋಕೆ ಬಿಡ್ಲಿಲ್ಲ."

ಇಂಜಿನ್ನಿನ ಸದ್ದು ಏರಿತು. ಬೆಳಿಗ್ಗೆ ಟವರಿನಲ್ಲಿ ಕೇಳಿದ ಅದೇ ಏರು. ಗುಬ್ಬಿಯ ಕೈಗಳು ಸ್ಟೀರಿಂಗ್ ಮೇಲೆ ಹಗುರವಾಗಿ, ಅಲುಗದೆ ಇದ್ದವು. ತಿರುವು ಬಂದಾಗ ಕಾರು ಒಳಅಂಚನ್ನು ಸವರಿಕೊಂಡು ಹೋಯಿತು, ಅಲ್ಲಿ ಕಣ್ಣಿಗೆ ಕಾಣದ ಹಸಿರು ಕೋನ್ ಇದೆಯೇನೋ ಎಂಬಂತೆ. ಯಾರೂ ಕಲಿಸದೆ ಈ ಹುಡುಗಿ ಇದನ್ನು ಯಾವಾಗ ಕಲಿತಳು, ಎಷ್ಟು ದಿನ ಕಿಟಕಿಯಿಂದ ನೋಡುತ್ತಾ ನುಂಗಿಕೊಂಡಳು ಎಂದು ದೊಡ್ಡಮ್ಮನಿಗೆ ತಿಳಿಯಲಿಲ್ಲ. ಕಾಲು ತಾನಾಗಿ ಮುಂದಕ್ಕೆ ಚಾಚಿ ಬ್ರೇಕ್ ಹುಡುಕಿತು. ಆ ಕಡೆ ಬ್ರೇಕ್ ಇರಲಿಲ್ಲ.

ಉದ್ದನೆಯ ನೇರ ಹಾದಿ ತೆರೆದುಕೊಂಡಿತು. ಅದರ ತುದಿಯಲ್ಲಿ ಬಣ್ಣ ಕಿತ್ತ ಗೋಡೆ.

ದೊಡ್ಡಮ್ಮ ಬೇಲಿಯ ಕಡೆ ನೋಡಿದರು. ಬಿಳಿ ಕಂಬ ದೂರದಲ್ಲಿ ಬೆಂಕಿಕಡ್ಡಿಯ ಹಾಗೆ ನಿಂತಿತ್ತು. ಅದರ ಎದುರಿಗೆ ಟ್ಯಾಂಕರ್ ಇರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇತ್ತು, ಅದರ ಹುಲ್ಲಿನ ಪಕ್ಕದಲ್ಲೇ ನಿಂತು ಮಾತಾಡಿದ್ದರು. ಈಗ ಅದು ಕಂಬವನ್ನು ದಾಟಿ ಬಹಳ ಮುಂದೆ, ಕಪ್ಪು ಗೆರೆಗಳು ಶುರುವಾಗುವಲ್ಲಿ, ಹಳದಿಯಾಗಿ ನಿಂತಿತ್ತು.

ಗುಬ್ಬಿಯ ಮಡಿಲಲ್ಲಿ ಕೀಲಿಯೊಂದು ಕಾರಿನ ಅದುರಾಟಕ್ಕೆ ಕಿಣಿಕಿಣಿ ಎನ್ನುತ್ತಿತ್ತು.

"ಅಪ್ಪನ ಪದ್ಧತಿ ಗೊತ್ತಲ್ಲ," ಎಂದಳು ಅವಳು, ಹಾದಿಯಿಂದ ಕಣ್ಣು ತೆಗೆಯದೆ, ನಿರಾಳವಾಗಿ. "ಗುರುತು ಬಾಯಿಬಿಟ್ಟು ಹೇಳ್ಬೇಕು. ಇವತ್ತು ನೀವೇ ಹೇಳಿ, ದೊಡ್ಡಮ್ಮ. ಎಲ್ಲಿ ಬ್ರೇಕ್ ಹಾಕ್ಲಿ?"

ಟ್ಯಾಂಕರ್ ಎಂದರೆ ಗೋಡೆ. ಬಿಳಿ ಕಂಬ ಎಂದರೆ, ಟ್ಯಾಂಕರನ್ನು ನಂಬಬಾರದೆಂದು ಡಾಕ್ಟರು ಬಾಯಿಬಿಟ್ಟಿದ್ದಾರೆ ಎಂದು ಗುಬ್ಬಿಗೆ ತಿಳಿದುಹೋಗುತ್ತದೆ, ಆ ಕೈ ಮುರಿದ ಮನುಷ್ಯ ಈಗ ಒಬ್ಬನೇ ಮನೆಗೆ ನಡೆದು ಹೋಗುತ್ತಿದ್ದಾನೆ.

ಕಂಬ ದೊಡ್ಡದಾಗುತ್ತಾ ಬಂತು. ಗುಬ್ಬಿಯ ಕಾಲು ಇನ್ನೂ ಆಕ್ಸಿಲರೇಟರ್ ಮೇಲೆಯೇ ಇತ್ತು. ದೊಡ್ಡಮ್ಮ ಬಾಯಿ ತೆರೆದರು.